ಗುರಿ ಇಟ್ಟರೂ ತಗಲದ ಗನ್: ವೀ ಶೂಟಿಂಗ್ ಆಟವನ್ನು ಮನೆಯ ಟಿವಿಗೆ ಹೊಂದಿಸುವ ಸಮಗ್ರ ಮಾರ್ಗದರ್ಶಿ

“ಗನ್ ಕೆಟ್ಟಿದೆ, ಹೊಸದು ಎಲ್ಲಿ ಸಿಗುತ್ತದೆ?” ನನಗೆ ಈ ಪ್ರಶ್ನೆ ಬರುವುದು ಹೆಚ್ಚಾಗಿ ಭಾನುವಾರ ಸಂಜೆ. ಕೇಳುವವರು ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲೋ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್‌ನಲ್ಲೋ ನಿಂಟೆಂಡೊ ವೀ ಎಂಬ ಹಳೆಯ ವಿಡಿಯೊ ಗೇಮ್ ಕನ್ಸೋಲ್ ಕೊಂಡಿರುತ್ತಾರೆ. ಜೊತೆಗೆ ಬಂದೂಕಿನ ಆಕಾರದ ಪ್ಲಾಸ್ಟಿಕ್ ಕವಚ ಮತ್ತು ಗುರಿ ಹೊಡೆಯುವ ಅಗ್ಗದ ಆಟದ ಡಿಸ್ಕ್ ಒಂದೇ ಪೆಟ್ಟಿಗೆಯಲ್ಲಿ ಬಂದಿರುತ್ತವೆ. ಇಲ್ಲವೇ ಅಮೆರಿಕದಿಂದ ಬಂದ ನೆಂಟರು ಎಲ್ಲವನ್ನೂ ಬಿಟ್ಟುಹೋಗಿರುತ್ತಾರೆ. ವೈರುಗಳನ್ನು ಜೋಡಿಸಿ, ಮಕ್ಕಳನ್ನು ಸಾಲಾಗಿ ಕೂರಿಸಿ ಟ್ರಿಗರ್ ಒತ್ತಿದರೆ ಗುರಿಗುರುತು ಪರದೆಯ ಮೂಲೆಯಲ್ಲಿ ನಡುಗುತ್ತ ನಿಂತಿರುತ್ತದೆ. ಕೆಲವು ಮನೆಗಳಲ್ಲಿ ಕಾಣುವುದೇ ಇಲ್ಲ.

ಗನ್ ಕೆಟ್ಟಿರುವುದಿಲ್ಲ. ಕೆಡಲು ಅದರೊಳಗೆ ಒಂದು ಪ್ಲಾಸ್ಟಿಕ್ ಸನ್ನೆ, ಒಂದು ಸ್ಪ್ರಿಂಗ್ ಬಿಟ್ಟರೆ ಬೇರೇನೂ ಇಲ್ಲ. ಕೆಲಸವೆಲ್ಲ ಕವಚದೊಳಗೆ ಕೂರುವ ವೀ ರಿಮೋಟಿನದು. ಅದರ ಮೂತಿಯ ಕಪ್ಪು ಕಿಟಕಿಯ ಹಿಂದೆ ಪುಟ್ಟ ಕ್ಯಾಮೆರಾ ಇದೆ. ಟಿವಿಯ ಬಳಿ ಇಡುವ ಸೆನ್ಸರ್ ಬಾರ್ ಎಂಬ ಪಟ್ಟಿಯ ಎರಡು ತುದಿಗಳಲ್ಲಿ ಕಣ್ಣಿಗೆ ಕಾಣದ ಅವಕೆಂಪು ದೀಪಗಳಿವೆ. ಆ ಎರಡು ಚುಕ್ಕೆಗಳನ್ನು ನೋಡಿ ರಿಮೋಟ್ ತಾನು ಎತ್ತ ತಿರುಗಿದೆ ಎಂದು ಲೆಕ್ಕ ಹಾಕುತ್ತದೆ. ಹೆಸರು ಸೆನ್ಸರ್ ಬಾರ್ ಎಂದಿದ್ದರೂ ಆ ಪಟ್ಟಿ ಏನನ್ನೂ ಗ್ರಹಿಸುವುದಿಲ್ಲ, ಸುಮ್ಮನೆ ಉರಿಯುತ್ತದೆ. ನಿಮ್ಮ ಕೈಯಲ್ಲಿರುವುದು ಬಂದೂಕಿನ ವೇಷ ಹಾಕಿದ ಒಂದು ಕಣ್ಣು. ಆ ಕಣ್ಣಿಗೆ ಈಗ ಏನು ಕಾಣುತ್ತಿರಬಹುದು ಎಂದು ಕೇಳಿಕೊಳ್ಳುವ ಅಭ್ಯಾಸವಾದರೆ ಮುಂದಿನ ತೊಂದರೆಗಳನ್ನು ನೀವೇ ಬಿಡಿಸುತ್ತೀರಿ.

ಹಂತಗಳನ್ನು ಇಲ್ಲಿರುವ ಕ್ರಮದಲ್ಲೇ ಮಾಡಿ. ಗನ್ ಕೈಗೆತ್ತಿಕೊಳ್ಳಬೇಕಾದದ್ದು ಆರನೆಯ ಹಂತದಲ್ಲಿ. ಮನೆಯಲ್ಲಿ ಎಲ್ಲರೂ ಅದನ್ನೇ ಮೊದಲು ಎತ್ತಿಕೊಳ್ಳುತ್ತಾರೆ. ಎಡವಟ್ಟು ಶುರುವಾಗುವುದೂ ಅಲ್ಲಿಂದಲೇ.

ಮೊದಲೇ ತೆಗೆದಿಟ್ಟುಕೊಳ್ಳಬೇಕಾದವು

ಎರಡು ಹೊಸ ಪೆನ್ಸಿಲ್ ಸೆಲ್ (ದಪ್ಪನೆಯ ಡಬಲ್ ಎ, ಟಿವಿ ರಿಮೋಟಿನ ಸಣ್ಣವು ಆಗುವುದಿಲ್ಲ), ಮೊಬೈಲ್, ಎರಡೂ ಬದಿ ಅಂಟುವ ಟೇಪು, ಅಳತೆಯ ಟೇಪು, ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, ಕಿವಿ ಒರೆಸುವ ಹತ್ತಿಕಡ್ಡಿ, ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್. ಒಂದು ಜಮಖಾನವೂ ಇರಲಿ. ಅದು ಯಾಕೆಂದು ಏಳನೆಯ ಹಂತದಲ್ಲಿ ಹೇಳುತ್ತೇನೆ.

ಹಂತ 1: ನಿಮ್ಮದು ಯಾವ ಜಾತಿಯ ಗನ್ ಎಂದು ಗುರುತಿಸಿ

ಗನ್ನಿನ ಬೆನ್ನು ಅಥವಾ ಹೊಟ್ಟೆಯಲ್ಲಿ ರಿಮೋಟ್ ಕೂರುವಷ್ಟು ಖಾಲಿ ಜಾಗ ಇದ್ದರೆ ಅದು ವೀ ಕವಚ. ಮುಂದೆ ಓದಿ.

ಗನ್ನಿನಿಂದ ಉದ್ದನೆಯ ವೈರ್ ಹೊರಟು ಕನ್ಸೋಲಿಗೆ ಸೇರುತ್ತಿದ್ದು, ನಳಿಗೆಯ ಬಾಯಲ್ಲಿ ಮಸೂರ ಇದ್ದು, ಜೊತೆಗೆ ಸೆನ್ಸರ್ ಬಾರ್ ಇಲ್ಲದಿದ್ದರೆ ಅದು ಹಳೆಯ ಎಂಟು ಬಿಟ್ ಟಿವಿ ವಿಡಿಯೊ ಗೇಮಿನ ಲೈಟ್ ಗನ್. ಬಾತುಕೋಳಿ ಹೊಡೆಯುವ ಆಟ ನೆನಪಿರುವವರಿಗೆ ಇದು ಗೊತ್ತು. ಅದನ್ನು ಎಲ್‌ಇಡಿ ಟಿವಿಗೆ ಹಾಕಿ ಹೊಂದಿಸಲು ಹೆಣಗಬೇಡಿ. ಟ್ರಿಗರ್ ಒತ್ತಿದ ಕ್ಷಣ ಆಟವು ಪರದೆಯನ್ನು ಒಂದು ಚೌಕಟ್ಟಿನ ಮಟ್ಟಿಗೆ ಕಪ್ಪಾಗಿಸಿ, ಮರುಕ್ಷಣ ಹಕ್ಕಿಯ ಜಾಗದಲ್ಲಿ ಬಿಳಿಯ ಚೌಕ ತೋರಿಸುತ್ತದೆ. ಆ ಬಿಳುಪು ಗನ್ನಿನ ಕಣ್ಣಿಗೆ ಬಿತ್ತೇ ಎಂದು ಕನ್ಸೋಲ್ ಆಗಲೇ ನೋಡಿ ಮುಗಿಸುತ್ತದೆ. ಪಿಕ್ಚರ್ ಟ್ಯೂಬ್ ಇರುವ ಡಬ್ಬಾ ಟಿವಿ ಚಿತ್ರವನ್ನು ಬಂದ ಕೂಡಲೇ ಬಿಡಿಸುತ್ತದೆ. ಎಲ್‌ಇಡಿ ಟಿವಿ ಚಿತ್ರವನ್ನು ಸಂಸ್ಕರಿಸಿ ತೋರಿಸುವಷ್ಟರಲ್ಲಿ ಕನ್ಸೋಲ್ ನೋಡುವುದನ್ನು ನಿಲ್ಲಿಸಿರುತ್ತದೆ. ಅಟ್ಟದ ಮೇಲೆ ಡಬ್ಬಾ ಟಿವಿ ಇದ್ದರೆ ಇಳಿಸಿ. ಇಲ್ಲದಿದ್ದರೆ ಆ ಗನ್ನನ್ನು ವಾಪಸು ಕೊಡಿ. ಬೇರೆ ದಾರಿ ಹುಡುಕುತ್ತ ಒಂದು ಭಾನುವಾರ ಕಳೆಯುವಷ್ಟು ಬೆಲೆ ಅದಕ್ಕಿಲ್ಲ.

ಹಂತ 2: ಪ್ಲಗ್ ಹಾಕುವ ಮೊದಲು ಅಡಾಪ್ಟರ್ ಚೀಟಿ ಓದಿ

ಆಸೆ ತಡೆಯಲಾರದೆ ನಾನು ಹಾರಿಸಿದ ಹಂತ ಇದು. ನೆಂಟರೊಬ್ಬರು ತಂದುಕೊಟ್ಟ ಕನ್ಸೋಲನ್ನು ಚಪ್ಪಟೆ ಪಿನ್ನಿಗೆ ಕನ್ವರ್ಟರ್ ಸಿಕ್ಕಿಸಿ ನೇರ ಗೋಡೆಗೆ ಹಾಕಿದೆ. ಟಪ್ ಎಂಬ ಸದ್ದು, ಆಮೇಲೆ ಸುಟ್ಟ ವಾಸನೆ. ಆಟ ಶುರುವಾಗುವ ಮೊದಲೇ ಹಾರಿದ ಏಕೈಕ ಗುಂಡು.

ಅಡಾಪ್ಟರಿನ ಬೆನ್ನ ಮೇಲಿನ ಚೀಟಿಯಲ್ಲಿ ‘ಇನ್‌ಪುಟ್’ ಎಂಬ ಸಾಲು ಹುಡುಕಿ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಚೀಟಿಯಲ್ಲಿ 220–240 ಅಥವಾ 100–240 ಎಂದಿದ್ದರೆ ಧೈರ್ಯವಾಗಿ ಹಾಕಿ. 120 ಎಂದಿದ್ದರೆ ಅದು ಅಮೆರಿಕದ್ದು, 100 ಎಂದಷ್ಟೇ ಇದ್ದರೆ ಜಪಾನಿನದು. ಎರಡೂ ನಮ್ಮ ಗೋಡೆಗೆ ಸಲ್ಲ. ಪಿನ್ ಕನ್ವರ್ಟರ್ ಬದಲಿಸುವುದು ಪಿನ್ನಿನ ಆಕಾರವನ್ನು ಮಾತ್ರ, ವೋಲ್ಟೇಜನ್ನಲ್ಲ. ಅಂಥವರಿಗೆ ಎರಡು ದಾರಿ ಇವೆ: ವೋಲ್ಟೇಜ್ ಇಳಿಸುವ, 100 ವ್ಯಾಟ್ ಅಥವಾ ಹೆಚ್ಚು ಸಾಮರ್ಥ್ಯದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್, ಇಲ್ಲವೇ ವೀ ಕನ್ಸೋಲಿಗೆಂದೇ ಮಾಡಿದ 12 ವೋಲ್ಟ್, 3.7 ಆಂಪಿಯರ್ ಹೊರಹರಿವಿನ ಬದಲಿ ಅಡಾಪ್ಟರ್. ಎರಡನೆಯದು ಹಗುರ, ಸೆಟ್ಟಾಪ್ ಬಾಕ್ಸಿನ ಪಕ್ಕ ಜಾಗವೂ ಕಡಿಮೆ ಸಾಕು. ವೀ ಕನ್ಸೋಲಿನ ಪ್ಲಗ್ ಅದರದ್ದೇ ಆಕಾರದ್ದು. ಮನೆಯಲ್ಲಿರುವ ಮೋಡೆಮ್ಮಿನ 12 ವೋಲ್ಟ್ ಅಡಾಪ್ಟರಿನ ತುದಿ ಕತ್ತರಿಸಿ ಸೇರಿಸುವ ಸಾಹಸ ಬೇಡ.

ಹಂತ 3: ಚಿತ್ರ ಮತ್ತು ಡಿಸ್ಕ್

ಕನ್ಸೋಲಿನ ಕೇಬಲ್ ತುದಿಯಲ್ಲಿ ಹಳದಿ, ಬಿಳಿ, ಕೆಂಪು ಪಿನ್‌ಗಳಿರುತ್ತವೆ. ಟಿವಿಯ ಹಿಂದೆ ಅದೇ ಬಣ್ಣದ ಮೂರು ತೂತುಗಳಿದ್ದರೆ ಅದೃಷ್ಟ. ಈಚಿನ ಹಲವು ಟಿವಿಗಳಲ್ಲಿ ಎವಿ ಎಂದು ಬರೆದ, ಇಯರ್‌ಫೋನ್ ತೂತಿನಂಥ ಒಂದೇ ತೂತು ಇರುತ್ತದೆ. ಅದಕ್ಕೆ ಟಿವಿಯ ಜೊತೆಗೆ ಬಂದ ಪರಿವರ್ತಕ ವೈರೇ ಬೇಕು. ನೋಡಲು ಒಂದೇ ತೆರನಾದ ವೈರುಗಳ ಒಳಜೋಡಣೆ ಬೇರೆ ಬೇರೆ ಇರುತ್ತದೆ. ತಪ್ಪಾದರೆ ಚಿತ್ರ ಬರುವುದಿಲ್ಲ, ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ. ಆ ವೈರ್ ಕಳೆದುಹೋಗಿದ್ದರೆ ವೀ ಕನ್ಸೋಲಿನ ಬೆನ್ನಿಗೆ ಸಿಕ್ಕಿಸುವ ಎಚ್‌ಡಿಎಂಐ ಪರಿವರ್ತಕ ಕೊಳ್ಳುವುದೇ ಸುಲಭ.

ಚಿತ್ರ ಕಪ್ಪುಬಿಳುಪಾಗಿ ಬಂದರೆ ಟಿವಿಯ ಕಲರ್ ಸಿಸ್ಟಮ್ಮನ್ನು ಆಟೊಗೆ ಬದಲಿಸಿ. ಟಿವಿಯಲ್ಲಿ ಗೇಮ್ ಮೋಡ್ ಇದ್ದರೆ ಹಾಕಿ. ಅದಿಲ್ಲದಿದ್ದರೆ ಗುರಿಗುರುತು ನಿಮ್ಮ ಕೈಗಿಂತ ಒಂದು ಹೆಜ್ಜೆ ಹಿಂದೆ ಓಡುತ್ತದೆ. ಓಡುವ ಗುರಿಗಳ ಆಟದಲ್ಲಿ ಅದು ದೊಡ್ಡ ವ್ಯತ್ಯಾಸ.

ಡಿಸ್ಕ್ ಹಾಕಿದಾಗ ಓದಲಾಗುತ್ತಿಲ್ಲ ಎಂಬ ಸೂಚನೆ ಬಂದರೆ ಕೂಡಲೇ ಬಟ್ಟೆಯಿಂದ ಉಜ್ಜಲು ಹೋಗಬೇಡಿ. ವೀ ಡಿಸ್ಕುಗಳಿಗೆ ಪ್ರಾಂತ್ಯದ ಬೀಗ ಇದೆ. ಕನ್ಸೋಲಿನ ಸೆಟ್ಟಿಂಗ್ಸ್ ಪುಟದ ಮೇಲಿನ ಮೂಲೆಯಲ್ಲಿ 4.3 ಇ, 4.3 ಯು ಎಂಬಂಥ ಗುರುತು ಇರುತ್ತದೆ. ಇ ಎಂದರೆ ಯುರೋಪ್ (ಅಲ್ಲಿನ ಟಿವಿ ಪದ್ಧತಿಯ ಹೆಸರು ಪಾಲ್), ಯು ಎಂದರೆ ಅಮೆರಿಕ, ಜೆ ಎಂದರೆ ಜಪಾನ್. ಅಮೆರಿಕದ ಕನ್ಸೋಲಿಗೆ ಪಾಲ್ ಡಿಸ್ಕ್ ತಂದರೆ ಎಷ್ಟು ಒರೆಸಿದರೂ ಅದು ತೆರೆಯುವುದಿಲ್ಲ. ಡಿಸ್ಕ್ ಮಾತ್ರ ಬೇರೆಯಾಗಿ ಕೊಳ್ಳುವವರು ಅಂಗಡಿಯಲ್ಲೇ ಈ ಅಕ್ಷರ ಹೊಂದಿಸಿ ನೋಡಿ.

ಹಂತ 4: ಸೆನ್ಸರ್ ಬಾರ್ ಉರಿಯುತ್ತಿದೆಯೇ?

ಹಳೆಯ ಸಾಮಾನಿನಲ್ಲಿ ಹೆಚ್ಚಾಗಿ ಕಾಣೆಯಾಗುವುದು ಈ ಪಟ್ಟಿ. ಇದ್ದರೂ ಇದರ ವೈರ್ ತುಂಡಾಗಿರುತ್ತದೆ. ಆ ವೈರ್ ಶಾವಿಗೆಯಷ್ಟು ತೆಳು. ಶೋಕೇಸಿನ ಬಾಗಿಲಿಗೆ ಸಿಕ್ಕಿದರೂ ಸಾಕು, ಇಲಿ ಬಾಯಿ ಹಾಕಿದರೂ ಸಾಕು.

ಪರೀಕ್ಷೆ ಹೀಗೆ. ಮೊಬೈಲಿನ ಕ್ಯಾಮೆರಾ ತೆರೆದು ಟಿವಿ ರಿಮೋಟಿನ ಮೂತಿಯನ್ನು ಅದರತ್ತ ಹಿಡಿದು ಯಾವುದಾದರೂ ಗುಂಡಿ ಒತ್ತಿ. ಪರದೆಯಲ್ಲಿ ನೇರಳೆ ಬಣ್ಣದ ಮಿಣುಕು ಕಂಡರೆ ನಿಮ್ಮ ಕ್ಯಾಮೆರಾ ಅವಕೆಂಪು ಬೆಳಕನ್ನು ಕಾಣಬಲ್ಲದು. ಕಾಣದಿದ್ದರೆ ಸೆಲ್ಫಿ ಕ್ಯಾಮೆರಾದಿಂದ ನೋಡಿ. ಮೊಬೈಲಿನ ಬೆನ್ನ ಕಡೆಯ ಕ್ಯಾಮೆರಾದಲ್ಲಿ ಅದನ್ನು ತಡೆಯುವ ಸೋಸುಗಾಜು ಹೆಚ್ಚಾಗಿ ಬಲವಾಗಿರುತ್ತದೆ. ಈಗ ಕನ್ಸೋಲನ್ನು ಚಾಲೂ ಮಾಡಿ, ಅದೇ ಮೊಬೈಲಿನಿಂದ ಬಾರ್‌ನ ಎರಡೂ ತುದಿ ನೋಡಿ. ಮೂಲ ಬಾರ್‌ನಲ್ಲಿ ತುದಿಗೆ ಐದರಂತೆ ದೀಪಗಳಿರುತ್ತವೆ, ಅಗ್ಗದವುಗಳಲ್ಲಿ ಕಡಿಮೆ. ಎರಡೂ ತುದಿ ಬೆಳಗಬೇಕು. ಒಂದೇ ಕಡೆ ಬೆಳಕಿದ್ದರೆ ಗುರಿಗುರುತು ಎಗರಾಡುತ್ತದೆ, ಎರಡೂ ಕತ್ತಲಾಗಿದ್ದರೆ ಕಾಣುವುದೇ ಇಲ್ಲ. ಕನ್ಸೋಲ್ ಆರಿದ್ದಾಗ ಬಾರ್ ಕೂಡ ಆರಿರುತ್ತದೆ. ಹಾಗೆ ನೋಡಿ ‘ಸತ್ತಿದೆ’ ಎಂದು ಹೊಸದು ತಂದವರಿದ್ದಾರೆ.

ಬಾರ್ ಮೇಲೆ ಅನುಮಾನ ಇದ್ದರೆ ಎರಡು ಮೇಣದ ಬತ್ತಿಗಳನ್ನು ಸುಮಾರು 20 ಸೆಂಟಿಮೀಟರ್ ಅಂತರದಲ್ಲಿ ಟಿವಿಯ ಮುಂದೆ ಹಚ್ಚಿ ರಿಮೋಟ್ ತೋರಿಸಿ. ಗುರಿಗುರುತು ಮೂಡಿದರೆ ರಿಮೋಟ್ ಆರೋಗ್ಯವಾಗಿದೆ, ಕೆಟ್ಟಿರುವುದು ಬಾರ್. ಹಾಸ್ಯವಲ್ಲ, ರಿಮೋಟಿಗೆ ಬೇಕಾದದ್ದು ಎರಡು ಅವಕೆಂಪು ಚುಕ್ಕೆಗಳು, ಅಷ್ಟೇ. ಕಿಟಕಿಯ ಪರದೆ, ಬಟ್ಟೆಗಳಿಂದ ದೂರ ಇಟ್ಟು ಎರಡು ನಿಮಿಷದಲ್ಲಿ ನೋಡಿ ಆರಿಸಿಬಿಡಿ. ಮೇಣದ ಬತ್ತಿಯ ಮುಂದೆ ಮಕ್ಕಳನ್ನು ಆಡಲು ಬಿಡಬೇಡಿ.

ಬಾರನ್ನು ಟಿವಿಯ ನಡುಮಧ್ಯಕ್ಕೆ, ಮೇಲೋ ಕೆಳಗೋ, ಟೇಪಿನಿಂದ ಅಂಟಿಸಿ. ಶೋಕೇಸಿನ ಹಲಗೆಯ ಮೇಲಾದರೆ ತೀರಾ ಮುಂದಿನ ಅಂಚಿಗೆ ತನ್ನಿ. ಒಂದು ಗೇಣು ಹಿಂದೆ ಇಟ್ಟರೂ ಹಲಗೆಯ ಅಂಚು ಬೆಳಕನ್ನು ಮರೆಮಾಡುತ್ತದೆ. ಆಮೇಲೆ ಸೆಟ್ಟಿಂಗ್ಸ್‌ನ ಎರಡನೆಯ ಪುಟದ ಸೆನ್ಸರ್ ಬಾರ್ ವಿಭಾಗದಲ್ಲಿ ಮೇಲೆ ಇಟ್ಟಿದ್ದೀರೋ ಕೆಳಗೆ ಇಟ್ಟಿದ್ದೀರೋ ಎಂದು ತಿಳಿಸಿ. ಇದನ್ನು ಮರೆತವರ ಗುರಿ ಯಾವಾಗಲೂ ಹಕ್ಕಿಯ ತಲೆಯ ಮೇಲೆ ಅಥವಾ ಕಾಲ ಕೆಳಗೆ ಹೋಗುತ್ತದೆ.

ಹಂತ 5: ರಿಮೋಟನ್ನು ಬರಿಗೈಯಲ್ಲಿ ಜೋಡಿಸಿ

ಸೆಲ್ ಕೋಣೆಯ ಮುಚ್ಚಳ ತೆಗೆಯಿರಿ. ಲೋಹದ ಪಟ್ಟಿಗಳ ಮೇಲೆ ಬಿಳಿ ಅಥವಾ ಹಸಿರು ಪುಡಿ ಇದ್ದರೆ ಹಳೆಯ ಸೆಲ್ ಸೋರಿದೆ ಎಂದರ್ಥ. ಹತ್ತಿಕಡ್ಡಿಗೆ ಆಲ್ಕೊಹಾಲ್ ಮಾಡಿಕೊಂಡು ಲೋಹ ಹೊಳೆಯುವವರೆಗೆ ಒರೆಸಿ, ಒಣಗಿದ ಮೇಲೆ ಹೊಸ ಸೆಲ್ ಹಾಕಿ.

ಮುಚ್ಚಳ ಹಾಕುವ ಮೊದಲೇ ಕನ್ಸೋಲಿಗೆ ಪರಿಚಯಿಸಬೇಕು. ಕನ್ಸೋಲಿನ ಮುಂಭಾಗದಲ್ಲಿ ಎಸ್‌ಡಿ ಕಾರ್ಡಿನ ಪುಟ್ಟ ಬಾಗಿಲಿನ ಹಿಂದೆ ಒಂದು ಕೆಂಪು ಗುಂಡಿ, ರಿಮೋಟಿನ ಸೆಲ್ ಕೋಣೆಯಲ್ಲಿ ಇನ್ನೊಂದು ಕೆಂಪು ಗುಂಡಿ. ಮೊದಲು ರಿಮೋಟಿನದನ್ನು, ಹಿಂದೆಯೇ ಕನ್ಸೋಲಿನದನ್ನು ಒಂದು ಸಲ ಒತ್ತಿ ಬಿಡಿ, ಒತ್ತಿ ಹಿಡಿಯಬೇಡಿ. ರಿಮೋಟಿನ ನಾಲ್ಕು ನೀಲಿ ದೀಪಗಳು ಮಿನುಗಿ, ಕೊನೆಗೆ ಒಂದೇ ದೀಪ ಸ್ಥಿರವಾಗಿ ನಿಲ್ಲಬೇಕು. ನಾಲ್ಕೂ ಮಿನುಗಿ ಆರಿಹೋದರೆ ಮತ್ತೆ ಮಾಡಿ.

ರಿಮೋಟನ್ನು ಮೊದಲು ಗನ್ನಿನಲ್ಲಿ ಕೂರಿಸಿಬಿಟ್ಟರೆ ಈ ಕೆಂಪು ಗುಂಡಿ ಕವಚದೊಳಗೆ ಅಡಗಿಹೋಗುತ್ತದೆ. ‘ಗನ್ ಹಾಕಿದರೆ ಕನೆಕ್ಟ್ ಆಗುವುದಿಲ್ಲ’ ಎಂದು ದೂರುವವರ ಕಥೆ ಇಷ್ಟೇ.

ಈಗ ಬರಿಗೈಯಲ್ಲಿ ರಿಮೋಟ್ ಹಿಡಿದು ಮುಖ್ಯ ಪರದೆಯಲ್ಲಿ ಕೈಗುರುತನ್ನು ನಾಲ್ಕು ಮೂಲೆಗೂ ಓಡಿಸಿ ನೋಡಿ. ಇಲ್ಲಿ ಸರಿಯಾಗಿ ಓಡದದ್ದು ಗನ್ನಿನಲ್ಲೂ ಓಡುವುದಿಲ್ಲ.

ಹಂತ 6: ಗನ್ ಕವಚದಲ್ಲಿ ಕೂರಿಸುವುದು

ರಿಮೋಟಿಗೆ ಸಿಲಿಕೋನ್ ಅಂಗಿ ಇದ್ದರೆ ಬಿಚ್ಚಿ. ಬಾಲಕ್ಕೆ ಮೋಷನ್ ಪ್ಲಸ್ ಎಂಬ ಚೌಕದ ತುಂಡು ಸಿಕ್ಕಿಸಿದ್ದರೆ ಅದನ್ನೂ ತೆಗೆಯಿರಿ. ಅದಿದ್ದರೆ ಹಲವು ಕವಚಗಳಲ್ಲಿ ರಿಮೋಟ್ ಹಿಡಿಸುವುದಿಲ್ಲ. ಮೂತಿಯ ಕಪ್ಪು ಕಿಟಕಿ ನಳಿಗೆಯ ಬಾಯಿಂದ ಪೂರ್ತಿ ಹೊರಗೆ ನೋಡಬೇಕು. ಕವಚದ ತುಟಿ ಕಿಟಕಿಯ ಕಾಲುಭಾಗ ಮುಚ್ಚಿದರೂ ಗುರಿ ಒಂದು ಪಕ್ಕದಲ್ಲಿ ಮಾಯವಾಗುತ್ತದೆ.

ನಿಂಟೆಂಡೊದವರ ವೀ ಜ್ಯಾಪರ್ ಎಂಬ ಉದ್ದನೆಯ ಗನ್ ನಿಮ್ಮಲ್ಲಿದ್ದರೆ ರಿಮೋಟ್ ಮುಂದೆ, ನಂಚಕ್ (ರಿಮೋಟಿಗೆ ವೈರಿನಿಂದ ಸೇರುವ, ಇನ್ನೊಂದು ಕೈಯ ಸಾಧನ) ಹಿಂದಿನ ಹಿಡಿಯಲ್ಲಿ ಕೂರುತ್ತದೆ. ವೈರನ್ನು ಒಳಗೆ ಸುತ್ತಿಡಲು ಜಾಗ ಇದೆ. ಪಿಸ್ತೂಲಿನ ಆಕಾರದ ಅಗ್ಗದ ಕವಚಗಳಲ್ಲಿ ನಂಚಕ್ ಪ್ಲಗ್ಗಿಗೆ ತೂತು ಬಿಟ್ಟಿದ್ದಾರೆಯೇ ಎಂದು ನೋಡಿ. ನಿಂತಲ್ಲೇ ಹೊಡೆಯುವ ಆಟಕ್ಕೆ ಅದು ಬೇಡ, ನಡೆದಾಡುವ ಆಟಕ್ಕೆ ಬೇಕೇ ಬೇಕು.

ಇನ್ನು ಟ್ರಿಗರ್. ಅದು ಒಳಗಿನ ಸನ್ನೆಯಿಂದ ರಿಮೋಟಿನ ಹೊಟ್ಟೆಯ ಬಿ ಗುಂಡಿಯನ್ನು ಒತ್ತುತ್ತದೆ, ಬೇರೆ ಯಾವ ಮಂತ್ರವೂ ಇಲ್ಲ. ಗನ್ನನ್ನು ಕಿವಿಯ ಹತ್ತಿರ ಹಿಡಿದು ನಿಧಾನವಾಗಿ ಎಳೆಯಿರಿ. ಸ್ಪ್ರಿಂಗಿನ ಕರ್ರೆಂಬ ಸದ್ದಿನ ಕೊನೆಗೆ ಗುಂಡಿಯ ಮೆದುವಾದ ಟಕ್ ಕೇಳಬೇಕು. ಕರ್ರೆಂದು ಸುಮ್ಮನಾದರೆ ಸನ್ನೆ ಗುಂಡಿಯನ್ನು ಮುಟ್ಟುತ್ತಿಲ್ಲ. ಹೊಸ ಗನ್ ಕೊಳ್ಳಬೇಡಿ. ನಾನು ಮೊದಲ ಸಲ ಜೇಬಿನಲ್ಲಿದ್ದ ಬಿಎಂಟಿಸಿ ಟಿಕೆಟನ್ನು ನಾಲ್ಕು ಮಡಿಕೆ ಮಾಡಿ ಸನ್ನೆಯ ತುದಿಗೆ ಅಂಟಿಸಿದೆ, ಟಕ್ ಎಂದಿತು. ಮೂರು ದಿನದಲ್ಲಿ ಟಿಕೆಟ್ ಹಿಂಡಿ ಚಪ್ಪಟೆಯಾದಾಗ ಹವಾಯಿ ಚಪ್ಪಲಿಯ ರಬ್ಬರಿನಿಂದ ಬೆರಳುಗುರಿನಷ್ಟು ತುಂಡು ಕತ್ತರಿಸಿ ಅಂಟಿಸಿದೆ. ಅದು ಇವತ್ತಿಗೂ ಇದೆ. ತುಂಡು ದಪ್ಪವಾದರೆ ಗುಂಡಿ ಒತ್ತಿದಂತೆಯೇ ಉಳಿದು ಗನ್ ತಾನಾಗಿ ಹೊಡೆಯುತ್ತಲೇ ಇರುತ್ತದೆ. ಆಗ ಬ್ಲೇಡಿನಿಂದ ಒಂದೊಂದೇ ಪದರ ಕೆತ್ತಿ.

ಹಂತ 7: ಕೋಣೆಯ ಕಳ್ಳ ದೀಪಗಳನ್ನು ಹಿಡಿಯಿರಿ

ಎಲ್ಲವೂ ಸರಿ ಇದ್ದು ಗುರಿಗುರುತು ಮಾತ್ರ ಹುಚ್ಚುಹುಚ್ಚಾಗಿ ಓಡಾಡುತ್ತಿದ್ದರೆ ತೊಂದರೆ ಕೋಣೆಯಲ್ಲಿದೆ. ಬಿಸಿಯಿಂದ ಬೆಳಗುವ ಎಲ್ಲದರಲ್ಲೂ ಅವಕೆಂಪು ಬೆಳಕು ಧಾರಾಳ: ಬಿಸಿಲು, ತಂತಿಯ ಹಳೆಯ ಬಲ್ಬು, ದೇವರ ಪಟದ ಮುಂದಿನ ಕೆಂಪು ಜೀರೋ ಬಲ್ಬು, ಎಣ್ಣೆ ದೀಪ. ಎಲ್‌ಇಡಿ ಬಲ್ಬಿನಿಂದ ಈ ಕಾಟ ಇಲ್ಲವೆಂದೇ ಹೇಳಬಹುದು.

ಸೆಟ್ಟಿಂಗ್ಸ್‌ನ ಸೆನ್ಸರ್ ಬಾರ್ ವಿಭಾಗದಲ್ಲೇ ಸೂಕ್ಷ್ಮತೆಯ ಪುಟವಿದೆ. ಅದನ್ನು ತೆರೆದು ಗನ್ನನ್ನು ಟಿವಿಯತ್ತ ಹಿಡಿದರೆ ರಿಮೋಟಿನ ಕಣ್ಣಿಗೆ ಬಿದ್ದ ಚುಕ್ಕೆಗಳೆಲ್ಲ ಪರದೆಯ ಮೇಲೆ ಮೂಡುತ್ತವೆ. ಎರಡೇ ಎರಡು ಇರಬೇಕು. ಮೂರನೆಯದು ಕಂಡರೆ ಕಳ್ಳ ಅಲ್ಲಿದ್ದಾನೆ. ಒಬ್ಬರು ಗನ್ ಹಿಡಿದಿರಲಿ, ಇನ್ನೊಬ್ಬರು ಕೋಣೆಯ ದೀಪ, ಕಿಟಕಿ, ಹೊಳೆಯುವ ವಸ್ತುಗಳನ್ನು ಒಂದೊಂದಾಗಿ ದಿನಪತ್ರಿಕೆಯಿಂದ ಮರೆಮಾಡುತ್ತ ಬರಲಿ. ಚುಕ್ಕೆ ಆರಿದ ಕಡೆ ನಿಲ್ಲಿ. ಪಶ್ಚಿಮದ ಕಿಟಕಿ ಇದ್ದರೆ ಸಂಜೆ ನಾಲ್ಕರಿಂದ ಪರದೆ ಎಳೆಯಲೇಬೇಕು. ಬಾರ್‌ನ ಬೆಳಕೇ ಹೊಳಪಿನ ವಿಟ್ರಿಫೈಡ್ ಟೈಲ್ಸಿನಲ್ಲೋ ಗಾರೆ ನೆಲದಲ್ಲೋ ಪ್ರತಿಫಲಿಸಿ ಇನ್ನೆರಡು ಚುಕ್ಕೆ ಕಾಣುವುದೂ ಉಂಟು. ಟಿವಿಯ ಮುಂದೆ ಜಮಖಾನ ಹಾಸಿ, ಹೋಗುತ್ತವೆ.

ಬನಶಂಕರಿಯ ಒಂದು ಮನೆಯಲ್ಲಿ ಬೆಳಿಗ್ಗೆ ಮಧ್ಯಾಹ್ನ ಚೆನ್ನಾಗಿ ನಡೆಯುವ ಗನ್ ಸಂಜೆ ಮಾತ್ರ ಮುನಿಸಿಕೊಳ್ಳುತ್ತಿತ್ತು. ಸೆಲ್ ಬದಲಿಸಿದ್ದರು, ಬಾರ್ ಬದಲಿಸಿದ್ದರು. ನಾನು ಹೋದದ್ದು ಆರೂಮುಕ್ಕಾಲಿಗೆ. ಟಿವಿಯ ಎಡಕ್ಕೆ ಗೋಡೆಗೂಡಿನಲ್ಲಿ ದೇವರು, ಮುಂದೆ ಆಗತಾನೇ ಹಚ್ಚಿದ ಜೋಡಿ ದೀಪ. ಸೂಕ್ಷ್ಮತೆಯ ಪುಟ ತೆರೆದರೆ ನಾಲ್ಕು ಚುಕ್ಕೆ, ಅದರಲ್ಲಿ ಎರಡು ಗಾಳಿಗೆ ಕುಣಿಯುತ್ತಿದ್ದವು. “ದೀಪ ಆರಿಸಿ ಆಟ ಆಡಬೇಕೇನಪ್ಪಾ?” ಎಂದು ಅಜ್ಜಿ ಕೇಳಿದರು. ಸೂಕ್ಷ್ಮತೆಯನ್ನು ಐದರಿಂದ ಒಂದಕ್ಕೆ ಇಳಿಸಿ ನೋಡಿದೆ, ಕುಣಿತ ನಿಲ್ಲಲಿಲ್ಲ. ಆ ಮನೆಯಲ್ಲಿ ಈಗ ಆಟ ಆರೂವರೆಗೆ ಮುಗಿಯುತ್ತದೆ.

ಹಂತ 8: ನಿಲ್ಲುವ ಜಾಗ, ನೋಡುವ ಕ್ರಮ

ಅಳತೆಯ ಟೇಪು ಹಿಡಿದು ಟಿವಿಯಿಂದ ಒಂದು ಮೀಟರಿಗಿಂತ ಹತ್ತಿರ, ಎರಡೂವರೆ ಮೀಟರಿಗಿಂತ ದೂರ ನಿಲ್ಲದಂತೆ ನೆಲದ ಮೇಲೆ ಗುರುತು ಹಾಕಿ. ತೀರಾ ಹತ್ತಿರವಾದರೆ ಬಾರ್‌ನ ಒಂದು ತುದಿ ಕ್ಯಾಮೆರಾದ ನೋಟದಿಂದ ಜಾರುತ್ತದೆ. ತೀರಾ ದೂರವಾದರೆ ಚುಕ್ಕೆಗಳು ಮಂಕಾಗಿ ಗುರಿ ನಡುಗುತ್ತದೆ. ಹತ್ತಡಿ ಅಗಲದ ಹಾಲಿನಲ್ಲಿ 55 ಇಂಚಿನ ಟಿವಿ ಇಟ್ಟವರು ಸೋಫಾವನ್ನು ಗೋಡೆಗೆ ಒತ್ತರಿಸಿ ಹಿಂದೆ ನಿಲ್ಲಬೇಕು. ಅಷ್ಟು ದೊಡ್ಡ ಪರದೆಯ ಅಂಚಿಗೆ ಹತ್ತಿರದಿಂದ ಗುರಿ ಇಟ್ಟರೆ ಗನ್ ಬಾರ್‌ನಿಂದ ಬಹಳ ಆಚೆ ತಿರುಗಿಬಿಡುತ್ತದೆ.

ಕಡಲೆಕಾಯಿ ಪರಿಷೆಯಲ್ಲಿ ಬಲೂನು ಹೊಡೆದು ಪಳಗಿದವರು ಒಂದು ಕಣ್ಣು ಮುಚ್ಚಿ ನಳಿಗೆಯ ಮೇಲಿಂದ ನೋಡುತ್ತಾರೆ. ಇಲ್ಲಿ ಅದು ಕೆಲಸಕ್ಕೆ ಬಾರದು. ನಿಮ್ಮ ಟಿವಿ ಎಷ್ಟು ಅಗಲ ಎಂಬುದು ರಿಮೋಟಿಗೆ ತಿಳಿದಿಲ್ಲ, ಅದಕ್ಕೆ ಗೊತ್ತಿರುವುದು ಎರಡು ಚುಕ್ಕೆ ಮಾತ್ರ. ಆದ್ದರಿಂದ ನಳಿಗೆಯ ನೇರಕ್ಕೂ ಪರದೆಯ ಗುರಿಗುರುತಿಗೂ ಒಂದೆರಡು ಗೇಣು ವ್ಯತ್ಯಾಸ ಸಹಜ. ಆಟದ ಆಯ್ಕೆಗಳಲ್ಲಿ ಕ್ಯಾಲಿಬ್ರೇಷನ್ (ಗುರಿ ಹೊಂದಿಸುವ ಆಯ್ಕೆ) ಇದ್ದರೆ ಮಾಡಿಕೊಳ್ಳಿ. ಅಗ್ಗದ ಆಟಗಳಲ್ಲಿ ಅದನ್ನು ನಿರೀಕ್ಷಿಸಬೇಡಿ. ಗನ್ನನ್ನು ಸೊಂಟದ ಮಟ್ಟದಲ್ಲಿ ಹಿಡಿದು ಎರಡೂ ಕಣ್ಣು ಪರದೆಯ ಗುರುತಿನ ಮೇಲೆ ಇಡಿ. ಅರ್ಧ ಗಂಟೆಯಲ್ಲಿ ಕೈ ಒಗ್ಗುತ್ತದೆ. ಮಣಿಕಟ್ಟಿನ ದಾರವನ್ನು ಮರೆಯದೆ ಹಾಕಿ. ಗನ್ ಅಲುಗಾಡಿಸಿ ಗುಂಡು ತುಂಬುವ ಆಟಗಳಲ್ಲಿ ಅದು ಕೈ ಜಾರಿದರೆ ಹೋಗಿ ಬೀಳುವುದು ಟಿವಿಯ ಮೇಲೆ.

ಇವು ಕಂಡರೆ ಆಟ ನಿಲ್ಲಿಸಿ

ಅಡಾಪ್ಟರ್ ಕೈ ಇಡಲಾಗದಷ್ಟು ಬಿಸಿಯಾದರೆ ಅಥವಾ ಸುಟ್ಟ ವಾಸನೆ ಬಂದರೆ ಗೋಡೆಯ ಸ್ವಿಚ್ ಆರಿಸಿ. ಡಿಸ್ಕ್ ಒಳಗೆ ಹೋದ ಮೇಲೆ ಕಾಫಿ ಪುಡಿ ಬೀಸುವಂಥ ಸದ್ದು ಬಂದರೆ ಹೊರತೆಗೆದು ಮತ್ತೆ ಹಾಕಬೇಡಿ, ಡಿಸ್ಕ್ ಗೀಚಿಹೋಗುತ್ತದೆ. ರಿಮೋಟಿನ ಹೊಟ್ಟೆ ಬೆಚ್ಚಗಾದರೆ ಸೆಲ್ ತಕ್ಷಣ ತೆಗೆಯಿರಿ. ಒಂದು ವಾರ ಆಡುವುದಿಲ್ಲ ಎಂದಿದ್ದರೂ ಸೆಲ್ ಹೊರಗಿರಲಿ.

ಎಂಟೂ ಹಂತ ಮುಗಿದ ಮೇಲೂ ಗುರಿ ಬಾರದಿದ್ದರೆ ರಿಪೇರಿ ಅಂಗಡಿಗೆ ರಿಮೋಟ್, ಸೆನ್ಸರ್ ಬಾರ್, ಕನ್ಸೋಲ್ ಮತ್ತು ಅಡಾಪ್ಟರ್ ಒಯ್ಯಿರಿ. ಯಾವ ಹಂತದಲ್ಲಿ ಏನು ಕಂಡಿತು ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಅವರ ಅರ್ಧ ದಿನ ಉಳಿಯುತ್ತದೆ. ಗನ್ ಮನೆಯಲ್ಲೇ ಇರಲಿ. ಅಂಗಡಿಯವರಿಗೆ ಅದರಲ್ಲಿ ನೋಡುವಂಥದ್ದು ಏನೂ ಇಲ್ಲ. ಮೆಟ್ರೊದಲ್ಲಿ ಹೋಗುವವರಾದರಂತೂ ಚೀಲ ಸ್ಕ್ಯಾನರಿನೊಳಗೆ ಹಾದುಹೋಗುವಾಗ ಪರದೆಯ ಮೇಲೆ ಪಿಸ್ತೂಲಿನ ಆಕಾರ ಮೂಡಿದರೆ, ಅದರೊಳಗೆ ಒಂದು ಸ್ಪ್ರಿಂಗ್ ಮತ್ತು ಹವಾಯಿ ಚಪ್ಪಲಿಯ ತುಂಡು ಮಾತ್ರ ಇದೆ ಎಂದು ಕಾವಲಿನವರಿಗೆ ವಿವರಿಸುತ್ತ ನಿಲ್ಲಬೇಕಾಗುತ್ತದೆ.